ಸೌನಾ ಕಂಡ ಸೈಕಲ್ಲು

ಷಡ್ಡಕ ಕಲೆರ್ವೊನನ್ನು ತೈಸ್ತೊ ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಲಕ್ಷಣವೂ ಇಲ್ಲ. ಕ್ರಿಸ್‌ಮಸ್ ಊಟಕ್ಕೆ ಕೂತಾಗ, ಅತ್ತೆ ಲೆಂಪಿಯ ಎದುರಿಗೇ, ಬಾಯ್ತುಂಬ ಹಂದಿಮಾಂಸ ಇಟ್ಟುಕೊಂಡು, "ತೈಸ್ತೊ, ನಿನ್ನ ಆ ಮಡಚೋ ಸೈಕಲ್ಲು ಹಿಮದಲ್ಲಿ ಓಡತ್ತೋ, ಇಲ್ಲ ಚಳಿಗಾಲ ಪೂರ್ತಿ ಮಡಚ್ಕೊಂಡು ಮಲಗತ್ತೋ?" ಎಂದುಬಿಟ್ಟ! ಎಲ್ಲರೂ ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕವಳು ತೈಸ್ತೊನ ಸ್ವಂತ ಹೆಂಡತಿ ಹಿಲ್ಕ!

ಅರ್ಧ ವರ್ಷ ಹಿಮ ಹೊದ್ದಿರುವ ಔಲು ಪಟ್ಟಣದಲ್ಲಿ ಹುಟ್ಟಿದವನಿಗೆ ಹಿಮದಲ್ಲಿ ಸೈಕಲ್ ಬಿಡಲು ಬರುತ್ತದೆಯೇ ಎಂದು ಕೇಳುವುದೆ? ತೈಸ್ತೊ ಮೇಜು ಗುದ್ದಿದ.

"ಫೆಬ್ರವರೀಲಿ ಅತ್ತೆ ಹುಟ್ಟುಹಬ್ಬ ತಾನೆ? ಇದೇ ಸೈಕಲ್ಲಲ್ಲಿ ಕೊಲ್ಲಿ ಮೇಲಿನ ಮಂಜುಗಡ್ಡೆ ದಾಟಿ ಅತ್ತೆ ಮನೆಗೆ ಬರ್ತೀನಿ. ಕೇಕ್ ಸಮೇತ! ನಿನ್ನ ಕಾರಿಗಿಂತ ಮುಂಚೆ!"

ಮೇಜಿನ ಮೇಲಿದ್ದ ಮೇಣದಬತ್ತಿಗಳು ಭಯಬಿದ್ದು ತಲೆಯಾಡಿಸಿದವು.

ಹುಟ್ಟುಹಬ್ಬದ ಹಿಂದಿನ ಸಂಜೆ ಸೈಕಲ್ ಬಿಚ್ಚಲು ಹೋದರೆ ಮಡಿಕೆಯ ಕೀಲು ಹಿಮ ಕಚ್ಚಿಕೊಂಡು ಕೂತಿತ್ತು. ತೈಸ್ತೊ ಬೈದ, ಒದ್ದ, ಮತ್ತೆ ಬೈದ. ಆಗ ಮಹಾ ಉಪಾಯವೊಂದು ಹೊಳೆಯಿತು! ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಇದ್ದದ್ದು ಒಂದೇ ಸೌನಾ. ಆ ಹೊತ್ತಿನ ಹಬೆಸ್ನಾನದ ಸರದಿ ಅವರ ಮನೆಯದು.

ಟವೆಲ್ ಸುತ್ತಿಕೊಂಡು ಬಂದ ಹಿಲ್ಕ ಬಾಗಿಲಲ್ಲೇ ಕಂಬವಾದಳು. ಮೇಲಿನ ಹಲಗೆಯ ಮೇಲೆ, ಯಾವಾಗಲೂ ಅವಳು ಕೂರುವ ಜಾಗದಲ್ಲಿ, ಸೈಕಲ್ಲು ಬೆವರುತ್ತ ಕೂತಿತ್ತು!

"ಇದೇನ್ರೀ ಇದು?"

"ಬಿಸಿ ತಾಗ್ಲಿ ಅಂತ. ಕೀಲು ಸಡಿಲ ಆಗತ್ತೆ."

"ಹಾಗಾದ್ರೆ ನಾವು ಬಾರಿಸ್ಕೊಳ್ಳೋ ಹಾಗೆ ಬರ್ಚ್ ಸೊಪ್ಪಲ್ಲಿ ಇದರ ಬೆನ್ನಿಗೂ ನಾಲ್ಕು ಬಾರಿಸ್ಲಾ? ಪಾಪ, ದಣಿದು ಬಂದಿರತ್ತೆ!"

"ತಮಾಷೆ ಸಾಕು. ಕಲ್ಲಿಗೆ ನೀರು ಹಾಕು!"

ಕಾದ ಕಲ್ಲುಗಳ ಮೇಲೆ ಸೌಟು ಸೌಟು ನೀರು ಬಿತ್ತು. ಹಬೆ ಭುಸ್ಸೆಂದಿತು. ಕೀಲು ಬೆಣ್ಣೆಯಂತೆ ಬಿಚ್ಚಿಕೊಂಡಿತು!

"ನೋಡಿದ್ಯಾ? ದೊಡ್ಡ ಓದು ಓದಿದವ್ರಿಗೆ ಇದೆಲ್ಲ ಹೊಳೆಯಲ್ಲ."

"ಅದಕ್ಕೇ ಅವ್ರು ಬಸ್ಸಲ್ಲಿ ಹೋಗ್ತಾರೆ," ಎಂದಳು ಹಿಲ್ಕ.

ಬೆಳಿಗ್ಗೆ ಕೇಕಿನ ಡಬ್ಬವನ್ನು ಅವಳು ಬಿಡಲೊಲ್ಲಳು. "ಇದು ನನ್ ಜೊತೆ ಬಸ್ಸಲ್ಲಿ ಬರ್ಲಿ. ಅಮ್ಮ ಬಾಯ್ಬಿಟ್ಟು ಕೇಳಿದ್ದು ಇದೊಂದೇ."

"ಕೇಕ್ ಇಲ್ದೆ ಹೋದ್ರೆ ಆ ಕಲೆರ್ವೊ ಗೆದ್ದ ಹಾಗೆ!"

"ಕೆನೆ ಒಂಚೂರು ಅಲ್ಲಾಡಿದ್ರೂ ಮನೆಗೆ ಬರ್ಬೇಡಿ. ಸೌನಾದಲ್ಲೇ ಸಂಸಾರ ಮಾಡಿ, ಆ ಸೈಕಲ್ ಜೊತೆ!"

ಡಬ್ಬವನ್ನು ಶಾಲಿನಿಂದ ಎದೆಗೆ ಬಿಗಿದುಕೊಂಡು ತೈಸ್ತೊ ಹೊರಟ. ಉಸಿರು ಮೀಸೆಯ ಮೇಲೇ ಹೆಪ್ಪುಗಟ್ಟುವ ಚಳಿ. ಮೊಳೆ ಬಡಿದ ಟೈರುಗಳು ಮಂಜುಗಡ್ಡೆಯನ್ನು ಕರಕರ ಕಚ್ಚಿ ಓಡಿದವು. ಆಹಾ, ಏನು ಸವಾರಿ! ಅರ್ಧ ಕೊಲ್ಲಿಯವರೆಗೆ ಅವನೇ ಚಕ್ರವರ್ತಿ.

ಅಲ್ಲಿಂದ ಮುಂದೆ ಚಕ್ರವೇ ಇಲ್ಲ! ಸೌನಾದಲ್ಲಿ ಹಿಂದಿನ ಚಕ್ರದ ಹೊಟ್ಟೆಗೆ ಇಳಿದಿದ್ದ ಹಬೆಯ ನೀರು ಈಗ ಗಡ್ಡೆಕಟ್ಟಿ, ಒಳಗಿನ ಹಲ್ಲುಗಳು ಕಚ್ಚದಂತೆ ಮಾಡಿತ್ತು. ಪೆಡಲು ಗಿರಗಿರ ತಿರುಗಿತು, ಚಕ್ರ ತನಗೆ ಸಂಬಂಧವೇ ಇಲ್ಲ ಎಂಬಂತೆ ನಿಂತಿತು. ಸಿಟ್ಟಿನಿಂದ ಇನ್ನೂ ಜೋರಾಗಿ ತುಳಿದ. ಧೊಪ್ಪೆಂದು ಅಂಗಾತ ಬಿದ್ದ. ಕಾಲು ಉಳುಕಿತು.

ಕರಕರ ಸದ್ದಾಯಿತು. ಮುಂದೊಂದು ಕುರ್ಚಿ, ಹಿಂದೆ ನಿಂತು ಒಂದೇ ಕಾಲಲ್ಲಿ ಒದೆಯುವ ಜಾರುಗಾಡಿ. ಒದೆಯುತ್ತ ಬಂದವಳು ಎಂಬತ್ತು ತುಂಬಿದ ಅತ್ತೆ ಲೆಂಪಿ! ಕುರ್ಚಿಯ ಮೇಲೆ, ಮಂಜುಗಡ್ಡೆ ಕೊರೆದು ಹಿಡಿದ ಮೀನಿನ ಬಕೆಟ್ಟು.

"ಅತ್ತೆ! ಹುಟ್ಟುಹಬ್ಬದ ದಿನವೂ ಮೀನಿಗೆ ಬಂದ್ರಾ?"

"ಹುಟ್ಟುಹಬ್ಬ ನಂಗೆ ಕಣಪ್ಪ, ಮೀನಿಗಲ್ಲ. ನೀನ್ಯಾಕೆ ಮಲಗಿದ್ದೀಯ?"

"ಕಾಲು ಉಳುಕಿದೆ."

"ಕೇಕು?"

"ಚೆನ್ನಾಗಿದೆ."

"ಹಾಗಾದ್ರೆ ಕೂತ್ಕೋ."

ತೊಡೆಯ ಮೇಲೆ ಕೇಕು, ಕಾಲ ನಡುವೆ ಬಕೆಟ್ಟು, ಹಿಂದೆ ಹಗ್ಗಕ್ಕೆ ಕಟ್ಟಿದ ಸೈಕಲ್ಲು. ಮುದುಕಿ ಒದ್ದಳು ನೋಡಿ, ಗಾಡಿ ಹಾರಿತು! ದಡದಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ ಕಲೆರ್ವೊ ಟೋಪಿ ತೆಗೆದು ಕೂಗಿದ: "ಹಿಲ್ಕಾ, ಬಾ ಬೇಗ! ನಿಮ್ಮಮ್ಮ ಇವತ್ತು ದೊಡ್ಡ ಮೀನು ತಂದಿದ್ದಾರೆ!"

ತೈಸ್ತೊ ಕುಂಟುತ್ತ ಇಳಿದು, ಎಲ್ಲರಿಗೂ ಕೇಳುವಂತೆ ಗುಡುಗಿದ: "ಅತ್ತೆ, ಇದು ನನ್ ಮೇಲಿನ ಸಾಲ. ನಿಮ್ಮನ್ನ ಕೂರಿಸ್ಕೊಂಡು ನಾನು ಈ ಕೊಲ್ಲಿ ದಾಟಿಸೇ ದಾಟಿಸ್ತೀನಿ!"

ಅಂದಿನಿಂದ ಕೊಲ್ಲಿ ಗಟ್ಟಿಯಾದಾಗಲೆಲ್ಲ ತೈಸ್ತೊ ಹೋಗಿ ಜಾರುಗಾಡಿಯ ಹಿಂದೆ ಎದೆಯುಬ್ಬಿಸಿ ನಿಲ್ಲುತ್ತಾನೆ. "ಹತ್ತಿ ಅತ್ತೆ!"

ಲೆಂಪಿ ಶಾಲು ಬಿಗಿದುಕೊಂಡು ಅವನ ಕಾಲನ್ನೊಮ್ಮೆ ನೋಡುತ್ತಾಳೆ.

"ಇವತ್ತು ಬೇಡಪ್ಪ. ಇವತ್ತು ನಂಗೆ ಆ ದಡ ಮುಟ್ಟೋದಿದೆ. ನೀನೇ ಕೂತ್ಕೋ."