ನಾನೇ ಕಡೆದ ತವರು ತೊಟ್ಟಿಲು

ಅತ್ತೆ ಮತ್ತೆ ಕರೆದರು ನೋಡಿ! ನಾನು ಉಳಿ ಕೈಗೆತ್ತಿಕೊಂಡರೆ ಸಾಕು, ಕುಕ್ಕರು ಕೂಗುತ್ತದೆ, ನಳದಲ್ಲಿ ನೀರು ಬರುತ್ತದೆ, ಅತ್ತೆಗೆ ಎಲೆಅಡಿಕೆ ಚೀಲ ಸಿಗುವುದಿಲ್ಲ. ಮರಗೆಲಸ ಕಲಿಯಲು ಹೊರಟಂದಿನಿಂದ ನನ್ನ ಕಥೆ ಇದೇ.

ನಮ್ಮ ಕಡೆ ಮೊದಲ ಕೂಸಿಗೆ ತವರಿನಿಂದ ತೊಟ್ಟಿಲು ಬರಬೇಕು, ಕಡೆದ ಕಾಲಿನದು. ನನ್ನ ಅವ್ವ ನನ್ನ ಮದುವೆಯನ್ನೂ ನೋಡಲಿಲ್ಲ. ಇದ್ದಿದ್ದರೆ ಧಾರವಾಡದ ಬಸ್ಸಿನ ಮೇಲೆ ಹೇರಿಸಿಕೊಂಡು ಗೋವೆಯ ಈ ಸಾವರ್ಡೆಗೆ ತಂದೇ ತರುತ್ತಿದ್ದಳು, ದಾರಿಯುದ್ದಕ್ಕೂ ಕಂಡಕ್ಟರನ ಜೊತೆ ಜಗಳವನ್ನೂ ಮಾಡುತ್ತಿದ್ದಳು. ಆ ಜಗಳ ಕೇಳಬೇಕೆಂದು ಈಗಲೂ ಆಸೆ. ಅದಕ್ಕೇ ಮಗಳು ಹುಟ್ಟಿದ ಮೇಲೆ, ನಮ್ಮ ಬಾಡಿಗೆ ಖೋಲಿಯ ಹಿಂದೆ ಷೆಡ್ಡು ಇಟ್ಟಿರುವ ಗೋವೆಯ ಮುದುಕ ಮೇಸ್ತ್ರಿಯ ಹತ್ತಿರ ಹೋಗಿ, "ನನಗ ಕಲಸ್ರಿ" ಎಂದೆ.

ಉಳಿ

ಮೊದಲಿಗೆ ಬರೀ ಉಳಿ ಮಸೆಯುವುದೇ ಪಾಠ. ಕೈ ನೋಯುವಷ್ಟು ಮಸೆದು ಕಿಟಕಿಯಲ್ಲಿಟ್ಟರೆ, ಅತ್ತೆ ಅದರಿಂದಲೇ ಹಂಚಿನ ಮೇಲಿನ ರೊಟ್ಟಿ ಮಗುಚಿದರು. ಮೇಸ್ತ್ರಿ ಮಸಿ ಹಿಡಿದ ಉಳಿ ನೋಡಿ, "ಅರೆ ಬಾಯ್, ಹೀಗೂ ಮಾಡುತ್ತಾರಾ?" ಎಂದರು. ಬಾಯ್ ಎಂದರೆ ಅವರ ಕೊಂಕಣಿಯಲ್ಲಿ ತಂಗಿ. ಮನೆಗೆ ಬಂದು ಕೂಗಾಡಿದೆ. ಅತ್ತೆ ತಣ್ಣಗೆ ಹೇಳಿದರು: "ಇನ್ನೊಂದೀಟು ಮಸದು ಕೊಡವ್ವಾ, ರೊಟ್ಟಿ ಅಂಚಿನ ಕೆಳಗ ಹೋಗವಲ್ದು."

ಹಲಸಿನ ತುಂಡು

ನನ್ನ ಗಂಡ ಲಾರಿ ಓಡಿಸುತ್ತಾರೆ. "ಯಾಕ ಇಷ್ಟ ಕಷ್ಟ? ಪ್ಲಾಸ್ಟಿಕ್ ತೊಟ್ಲ ತರ್ತೀನಿ ಬಿಡು" ಎಂದರು.

"ಹಂಗಾದ್ರ ಒಬ್ಬಾಕಿ ಪ್ಲಾಸ್ಟಿಕ್ಕಿನ ಅವ್ವನ್ನೂ ತರ್ರಿ" ಎಂದೆ.

ಮರುದಿನ ಲಾರಿಯಿಂದ ಹಲಸಿನ ತುಂಡೊಂದನ್ನು ಇಳಿಸಿದರು. ಅದರ ದಪ್ಪ ನೋಡಿದರೆ, ತೊಟ್ಟಿಲಲ್ಲಿ ಮಲಗುವುದು ಆನೆಮರಿ ಎಂದು ಯಾರೋ ಅವರಿಗೆ ಹೇಳಿರಬೇಕು.

ಕಾಲು ಸಣ್ಣಗಾದದ್ದು

ಮೇಸ್ತ್ರಿಯ ಮರ ಕಡೆಯುವ ಲೇತು ಕಾಲಲ್ಲಿ ತುಳಿಯುವಂಥದ್ದು. ಷೆಡ್ಡಿನಲ್ಲೇ ಕಟ್ಟಿದ್ದ ಮಗಳ ಸೀರೆ ಜೋಳಿಗೆಯನ್ನು ತೂಗುವ ಹಗ್ಗವನ್ನು ಅದರ ಪೆಡಲಿಗೇ ಕಟ್ಟಿದೆ. ತುಳಿದಂತೆಲ್ಲ ಮರ ತಿರುಗುತ್ತದೆ, ಜೋಳಿಗೆ ತೂಗುತ್ತದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

"ಸಾಕು, ನಿಲ್ಲಿಸು! ಅಳತೆ ನೋಡು!" ಎಂದರು ಮೇಸ್ತ್ರಿ.

"ನಿಲ್ಲಿಸಿದ್ರ ಏಳ್ತಾಳ್ರಿ!"

ಉಳಿ ಸರಿಸಿ ಬರೀ ತುಳಿದರೂ ಆಗದು. ಕರಕರ ಸದ್ದು ನಿಂತರೆ ಕಣ್ಣು ಬಿಡುತ್ತಿದ್ದಳು. ಹೀಗಾಗಿ ತೊಟ್ಟಿಲ ಕಾಲು ನೋಡನೋಡುತ್ತ ಲಟ್ಟಣಿಗೆಯಾಯಿತು. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತರು. "ಇನ್ನೂ ಸ್ವಲ್ಪ ಮಲಗಲಿ ಬಾಯ್. ಹಲ್ಲುಕಡ್ಡಿ ಆಗುತ್ತದೆ."

ತೂಗಿದ್ದು

ಹೀಗೆ ಕಡೆದು ಕೆಡಿಸಿ, ಕೆಡಿಸಿ ಕಡೆದು, ಅಂತೂ ತೊಟ್ಟಿಲು ಮುಗಿಯಿತು. ಅಷ್ಟರಲ್ಲಿ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಆದರೂ ನಾನು ಬಿಡಲಿಲ್ಲ. ಹೊಸ ಫ್ರಾಕು ಹಾಕಿ, ಅತ್ತೆಯಿಂದ ಆರತಿ ಮಾಡಿಸಿ, ಎತ್ತಿ ಮಲಗಿಸಿದೆ. ಕಾಲೆರಡೂ ಹೊರಗೆ. ಮಡಚಿದರೆ ಮೊಣಕಾಲು ಗದ್ದಕ್ಕೆ.

"ಕೂಸನ್ನ ಡಬ್ಬ್ಯಾಗ ತುಂಬಾಕತ್ತೀಯೇನ?" ಎಂದು ಅತ್ತೆ ಬಿದ್ದು ಬಿದ್ದು ನಕ್ಕರು.

ನಾನು ಜೋಗುಳ ಶುರುಮಾಡಿದೆ. ಮಗಳೂ ಜೊತೆಗೂಡಿ, ನನಗಿಂತ ಜೋರಾಗಿ ಹಾಡಿದಳು. ಇಳಿಸಿದ ಮೇಲೆ ತೊಟ್ಟಿಲನ್ನೆಲ್ಲ ಸವರಿ ನೋಡಿ ಕೇಳಿದಳು:

"ಭಾಳ ಚಲೋ ಐತಿ ಅವ್ವಾ. ಮತ್ತ ನಾ ಸಣ್ಣಾಕಿ ಯಾವಾಗ ಆಗ್ತೀನಿ?"