ಮಾರ್ಫಿನ್ ಪಾಠದ ಭಾನುವಾರಗಳು

ನಾಲ್ಕು ಮಂದಿ ಡಾಕ್ಟರರನ್ನು ಬೆಂಚಿನ ಮೇಲೆ ಕೂಡಿಸಿ ಪಾಠ ಹೇಳಿ ನೋಡಿ. ಆಮೇಲೆ ನಗಲಿಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ.

ನಾನು ಧಾರವಾಡದವಳು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಯಿತೆಂದು ನಾಗಪುರಕ್ಕೆ ಬಂದವಳು, ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿ ಉಳಿದೆ. ತೊಂಬತ್ತರ ದಶಕದ ಕೊನೆಗೆ ಅಲ್ಲೊಂದು ನೋವಿನ ಕ್ಲಿನಿಕ್ ಶುರುವಾಯಿತು. ಬೇರೆ ಯಾವ ಗುಳಿಗೆಗೂ ಬಗ್ಗದ ನೋವಿನಿಂದ ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಬರುತ್ತಿದ್ದರು. ಅವರಲ್ಲಿ ಕೆಲವರಿಗೆ ಬೇಕಾಗಿದ್ದದ್ದು ಮಾರ್ಫಿನ್. ಆದರೆ ಊರಿನ ಡಾಕ್ಟರರು ಅದನ್ನು ಬರೆಯುತ್ತಿರಲಿಲ್ಲ. ಅಫೀಮಿನ ಮಗಳು, ಮುಟ್ಟಿದರೆ ಹಿಂದೆಯೇ ಪೊಲೀಸರು ಬಂದಾರು ಎಂಬ ಹೆದರಿಕೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಎಷ್ಟರಿಂದ ಶುರು ಮಾಡಬೇಕು, ಹೇಗೆ ಕಣ್ಣಿಡಬೇಕು ಎಂದು ಭಾನುವಾರ ಭಾನುವಾರ ಅವರಿಗೆ ಹೇಳಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಚಟದ ಮೇಲೆ ಭಾಷಣ

ಮೊದಲ ಭಾನುವಾರ ಮುಂದಿನ ಸಾಲಿನಲ್ಲಿ ಒಬ್ಬ ಹಿರಿಯ ಡಾಕ್ಟರು ಕೂತಿದ್ದರು. ಬಾಯಿ ತುಂಬ ಖರ್ರಾ. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿದ ಈ ಸರಕು, ಕಿತ್ತಳೆಗೆ ಹೆಸರಾದ ನಾಗಪುರದ ಎರಡನೆಯ ಕಿತ್ತಳೆ. ಅದು ಚೆಲ್ಲಬಾರದೆಂದು ಅವರು ಗದ್ದ ಮೇಲೆತ್ತಿ, ಸೀಲಿಂಗ್ ಫ್ಯಾನಿಗೆ ಹೇಳುವವರ ಹಾಗೆ ಕೇಳಿದರು:

"ಮ್ಯಾಡಂ, ಪೇಶಂಟಿಗೆ ಚಟ ಹತ್ತಿದರೆ ಯಾರು ಜವಾಬ್ದಾರಿ?"

"ಸರ್, ಔಷಧಕ್ಕೆ ಮೈ ಒಗ್ಗುವುದೇ ಬೇರೆ, ಚಟವೇ ಬೇರೆ. ಚಟ ಹತ್ತಿದವನು ಕೂತಲ್ಲಿ ಕೂಡಲಾರ. ಮಾಡುವ ಕೆಲಸ ಬಿಟ್ಟು ಅದರ ಹಿಂದೆ ಓಡುತ್ತಾನೆ..."

ಅವರು ಒಂದು ಬೆರಳೆತ್ತಿ ನನ್ನನ್ನು ತಡೆದರು, ಎದ್ದು ಹೊರಗೆ ಹೋದರು. ಕಿಟಕಿಯಿಂದ ಇಡೀ ತರಗತಿ ನೋಡುತ್ತಿತ್ತು. ಗಿಡದ ಬುಡದಲ್ಲಿ ಉಗುಳಿ, ಟ್ರಕ್ಕಿನ ಮುಂದೆಯೇ ರಸ್ತೆ ದಾಟಿ, ಪಾನಿನ ಅಂಗಡಿಯವನನ್ನು ಗದರಿಸಿ, ಹೊಸ ಪೊಟ್ಟಣ ಅಂಗೈಯಲ್ಲಿ ತಿಕ್ಕುತ್ತ ಬಂದು ಕೂತರು.

"ಹಾಂ, ಚಟದ ವಿಷಯ ಹೇಳ್ತಾ ಇದ್ರಿ. ಏನೇ ಹೇಳಿ ಮ್ಯಾಡಂ, ಮನುಷ್ಯನಿಗೆ ಸ್ವಲ್ಪ ಕಂಟ್ರೋಲ್ ಬೇಕು."

ಹತ್ತಕ್ಕೆ ಎಷ್ಟು?

ನೋವನ್ನು ಅಳೆಯಲು ನಮ್ಮಲ್ಲಿ ಥರ್ಮಾಮೀಟರ್ ಇಲ್ಲ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದ್ದು. ನಿಮ್ಮದೆಷ್ಟು ಎಂದು ಪೇಶಂಟನ್ನೇ ಕೇಳಬೇಕು.

ಬಜಾಜ್ ನಗರದಿಂದ ರೈಲ್ವೆಯ ಗಾರ್ಡ್ ಒಬ್ಬರು ತಮ್ಮ ತಾಯಿಯನ್ನು ಕರೆದುಕೊಂಡು ಬಂದಿದ್ದರು. ತಾಯಿ ಗದಗ ಕಡೆಯವರು, ಕನ್ನಡ ಶಾಲೆಯ ಟೀಚರಾಗಿ ರಿಟೈರ್ ಆದವರು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ತರಬೇತಿಗೆ ಬಂದಿದ್ದ ಮರಾಠಿ ಹುಡುಗಿ ಡಾಕ್ಟರು ಕೇಳಿದಳು, ನಾನು ಕನ್ನಡದಲ್ಲಿ ಹೇಳಿದೆ. ಅಜ್ಜಿ "ಆರು" ಅಂದರು.

ಹುಡುಗಿ ಸಮಾಧಾನದಿಂದ, "ಹಾಗಾದರೆ ಸಣ್ಣ ಗುಳಿಗೆ ಸಾಕು" ಅಂದಳು. ನನಗೆ ಸಮಾಧಾನವಾಗಲಿಲ್ಲ. ಅಜ್ಜಿಯ ಹಣೆಯಲ್ಲಿ ಬೆವರು, ಸೆರಗಿನ ತುದಿ ಮುಷ್ಟಿಯೊಳಗೆ ಮುದ್ದೆಯಾಗಿತ್ತು.

"ಅಕ್ಕಾವ್ರ, ಖರೇ ಹೇಳ್ರಿ. ಆರೇ ಏನು?"

"ಆರು ಅಂದ್ರ ಭಾಳ ಆತಲ್ಲವಾ! ಹತ್ತಕ್ಕ ಹತ್ತು ನಾ ಜನ್ಮದಾಗ ಯಾರಿಗೂ ಕೊಟ್ಟಿಲ್ಲ. ಫಸ್ಟ್ ಬಂದ ಹುಡುಗಿಗೇ ಏಳು ಕೊಟ್ಟೀನಿ. ಈ ಸುಡುಗಾಡು ನೋವಿಗೆ ಯಾಕ ಕೊಡ್ಲಿ?"

ಅಜ್ಜಿಯ ಆರು ಅಂದರೆ ಊರಿನವರ ಹತ್ತು ಎಂದು ಆಗ ತಿಳಿಯಿತು. ಮಾರ್ಫಿನ್ ಕಡಿಮೆಯಿಂದಲೇ ಶುರು ಮಾಡಿ, ದಿನದಿನಕ್ಕೆ ನೋಡಿಕೊಂಡು ಏರಿಸಿದೆವು. ಮುಂದಿನ ವಾರ ನಾವು ಅವರ ಮನೆಗೆ ಹೋದಾಗ ಅಜ್ಜಿ ದಿಂಬಿಗೆ ಒರಗಿ ಕೂತು, ಸೊಸೆ ಮಾಡಿದ ಅವಲಕ್ಕಿಗೆ ಉಪ್ಪು ಕಡಿಮೆ ಎಂದು ತಕರಾರು ಮಾಡುತ್ತಿದ್ದರು. ಹುಡುಗಿ ಡಾಕ್ಟರು ಬಾಯಿಪಾಠ ಮಾಡಿಕೊಂಡು ಬಂದ ಕನ್ನಡದಲ್ಲಿ ಕೇಳಿದಳು: "ಅಕ್ಕಾವ್ರ, ಈವತ್ತ ಎಷ್ಟ?"

ಅಜ್ಜಿ ಕನ್ನಡಕದ ಮೇಲಿಂದ ನೋಡಿದರು.

"ಎರಡು. ನಾಪಾಸು ಮಾಡೀನಿ."

ಹೋದದ್ದು ಒಂದೇ

ಮಾರ್ಫಿನ್ ಹೊಟ್ಟೆ ಕಟ್ಟುತ್ತದೆ. ಅದಕ್ಕೇ ಪ್ರತಿ ಭಾನುವಾರ ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತಿದ್ದೆ: "ಮಾರ್ಫಿನ್ ಬರೆದ ಕೈ ಜುಲಾಬಿನ ಔಷಧವನ್ನೂ ಬರೆಯಲಿ."

ನಾಗಪುರದ ಹತ್ತಿರದ ಹಿಂಗಣಾದಲ್ಲಿ ದವಾಖಾನೆ ಇಟ್ಟಿದ್ದ ಮರಾಠಿ ಡಾಕ್ಟರು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದರು. ಮೊದಲ ಪೇಶಂಟಿಗೇ ಮರೆತರು. ಆ ಪೇಶಂಟು ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ದುಡಿದು ರಿಟೈರ್ ಆಗಿದ್ದ ಬಾಗಲಕೋಟೆ ಕಡೆಯ ಒಬ್ಬ ಕಾಕಾ. ವಾರದ ಮೇಲೆ ಡಾಕ್ಟರು ಅವರನ್ನು ನನಗೆ ತೋರಿಸಲು ಹೆಮ್ಮೆಯಿಂದ ಕರೆತಂದರು.

"ಕಾಕಾ, ನೋವು ಹೆಂಗೈತ್ರಿ?"

"ನೋವು ಹೋತ್ರಿ ಬಾಯಾರ. ಅದೊಂದ ಹೋತು. ಬಾಕಿ ಏನೂ ಹೋಗವಲ್ದು."

ಕನ್ನಡ ತಿಳಿಯದ ಡಾಕ್ಟರು ಮುಖ ಅರಳಿಸಿ ಕೇಳಿದರು, "ಏನಂತಾರೆ ಮ್ಯಾಡಂ?"

"ನಿಮ್ಮ ಔಷಧ ಒಳಗೆ ಬಂದವರನ್ನ ಹೊರಗೆ ಬಿಡ್ತಾ ಇಲ್ಲವಂತೆ" ಅಂದೆ.

ಮಾವನವರ ಪ್ರವೇಶ

ಕೊಟ್ಟ ಗುಳಿಗೆ ಮುಗಿಯುವ ಮೊದಲೇ ಬಂದು "ಕಳೆದುಹೋಯಿತು, ಇನ್ನಷ್ಟು ಕೊಡಿ" ಎಂದು ಗಂಟುಬೀಳುವವರೂ ಇರುತ್ತಾರೆ. ಅವರನ್ನು ಬೈಯಬಾರದು, ಹೆದರಿ ಕೊಟ್ಟೂ ಬಿಡಬಾರದು. ಕೂಡಿಸಿ, ನಿಜ ಏನೆಂದು ಕೇಳಬೇಕು. ಇದನ್ನು ನಾಟಕದ ಹಾಗೆ ಆಡಿಸಿ ಕಲಿಸುತ್ತಿದ್ದೆವು. ಒಬ್ಬರು ಡಾಕ್ಟರು, ಒಬ್ಬರು ಪೇಶಂಟು.

ಪೇಶಂಟಿನ ಪಾತ್ರ ಲಕ್ಷ್ಮೀ ನಗರದ ಒಬ್ಬ ಕನ್ನಡದ ಡಾಕ್ಟರಿಗೆ ಬಂತು. ಮನುಷ್ಯ ಯಾವುದನ್ನೂ ಅರ್ಧಕ್ಕೆ ಮಾಡುವವರಲ್ಲ. ಆ ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಹಿಂದಿಯಲ್ಲಿ ಗುಳಿಗೆ ಬೇಡುವ ಅಭ್ಯಾಸ ನಡೆಸಿದರು: "ಗೋಲಿ ದೇ ದೋ ಸಾಹೇಬ್! ಗೋಲಿ ಇಲ್ಲದಿದ್ದರೆ ಹುಚ್ಚನಾಗ್ತೀನಿ! ಮನೆಯಲ್ಲಿ ಯಾರಿಗೂ ಹೇಳಬೇಡಿ!"

ಬಾಗಿಲಾಚೆ ಟವೆಲ್ ಹಿಡಿದು ನಿಂತಿದ್ದವರು ಹಿಂದಿನ ದಿನವಷ್ಟೇ ಬೆಳಗಾವಿಯಿಂದ ಬಂದಿದ್ದ ಅವರ ಮಾವ.

ಹಿರಿಯರು ಟವೆಲ್ ಅಲ್ಲೇ ಬಿಟ್ಟು ಟೋಪಿ ಹಾಕಿಕೊಂಡರು. ಅಳಿಯನ ಸ್ಕೂಟರಿನ ಹಿಂದೆಯೇ ಆಟೋ ಹಿಡಿದರು. ಅಳಿಯ ಹರಿದ ಅಂಗಿ ಹಾಕಿಕೊಳ್ಳಲು ಪಕ್ಕದ ಕೋಣೆಗೆ ಹೋಗಿದ್ದಾಗ ಧೋತ್ರ, ಕರಿ ಟೋಪಿಯಲ್ಲಿ ನಮ್ಮ ತರಗತಿಗೆ ಬಂದು, ಮೇಜಿನ ಹಿಂದೆ ಡಾಕ್ಟರ ಪಾತ್ರದಲ್ಲಿ ಕೂತಿದ್ದವರ ಮುಂದೆ ಕೈಮುಗಿದು, ಅಳಿಯ ಗುಳಿಗೆ ತಿನ್ನುತ್ತಾನೆ, ಉಳಿಸಿ ಎಂದು ಹಿಂದಿಯಲ್ಲಿ ಬೇಡಿಕೊಂಡರು.

"ಸಾಹೇಬ್, ಮೇರಾ ಜಮಾಯಿ ಗೋಲಿ ಖಾತಾ ಹೈ. ಬಚಾವೋ!"

ನಾನು ಪೇಶಂಟಿನ ಕಡೆಯವರದೂ ಒಂದು ಪಾತ್ರ ಸೇರಿಸಿದ್ದೇನೆಂದು ಎಲ್ಲರೂ ತಿಳಿದರು. ಅವರೇ ಸೇರಿಸಿದ್ದಾರೆಂದು ನಾನು ತಿಳಿದೆ. ಮೇಜಿನ ಡಾಕ್ಟರು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದರು. ಕೂಡಿಸಿದರು, ನೀರು ಕೊಟ್ಟರು, ಭುಜ ಮುಟ್ಟಿದರು. ಹಿರಿಯರ ಕಣ್ಣಲ್ಲಿ ನೀರು ಬಂತು. "ವಾಹ್!" ಅಂತು ಹಿಂದಿನ ಸಾಲು.

ಅಷ್ಟರಲ್ಲಿ ಅಳಿಯ ತಲೆ ಕೆದರಿ, ಕಣ್ಣಿನ ಕೆಳಗೆ ಕಾಡಿಗೆ ಬಳಿದುಕೊಂಡು ಬಾಗಿಲು ದೂಡಿ ನುಗ್ಗಿದರು: "ಗೋಲಿ ದೇ ದೋ!"

"ನೋಡ್ರಿ, ನೋಡ್ರಿ!" ಮಾವ ಜಿಗಿದೆದ್ದು ಅಳಿಯನ ತೋಳು ಹಿಡಿದರು. "ಹಾಡಹಗಲ ಎಂಥಾ ಅವಸ್ಥಾ ನೋಡ್ರಿ!"

ತರಗತಿಯ ತುಂಬ ಚಪ್ಪಾಳೆ. ಹಿರಿಯರು ಕನ್ನಡದಲ್ಲಿ ಅಳುತ್ತಿದ್ದುದು ಕಿವಿಗೆ ಬಿದ್ದಮೇಲೆ ನಾನು ಓಡಿಹೋಗಿ, ಇದು ಪಾಠ, ನಾಟಕ, ನಿಮ್ಮ ಅಳಿಯ ಚಹಾ ಬಿಟ್ಟು ಏನೂ ಮುಟ್ಟುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅಪ್ಪನನ್ನು ಹುಡುಕಿಕೊಂಡು ಮಗಳೂ ಇನ್ನೊಂದು ಆಟೋದಲ್ಲಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು.

ಹಿರಿಯರು ಟೋಪಿ ತೆಗೆದು ಮುಖ ಒರೆಸಿಕೊಂಡರು. ಅಳಿಯನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಳಿಯಂದ್ರ, ಇಷ್ಟ ಚಲೋ ನಾಟಕ ಮಾಡ್ತೀರಂದ್ರ... ಹೆಣ್ಣು ನೋಡಾಕ ಬಂದಾಗ 'ನನಗ ಸಿಟ್ಟು ಬರೂದ ಇಲ್ರಿ' ಅಂದಿದ್ರಲ್ಲ, ಅದೂ ನಾಟಕ ಏನ್ರಿ?"

ಅಳಿಯ ನನ್ನ ಮುಖ ನೋಡಿದರು.

ಬಾಗಿಲಿನಿಂದ ಮಗಳು ಹೇಳಿದಳು: "ಅಪ್ಪಾ, ಇದನ್ನ ಆವಾಗ ಕೇಳಬೇಕಿತ್ತು."