ಕಲ್ಲಿನ ಬುಡ ನೋಡುವವನು

ನಮ್ಮಣ್ಣನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಅವರು ತಂದ ಕಲ್ಲಿನ ಬುಡ ಮಾತ್ರ ಇಪ್ಪತ್ತು ವರ್ಷವಾದರೂ ಮರೆಯುತ್ತಿರಲಿಲ್ಲ! ಲಿವರ್‌ಮೋರ್‌ನ ಗ್ರೋಸರಿಯಲ್ಲಿ ಯಾರಾದರೂ ಕೈಬೀಸಿದರೆ ಪೆಚ್ಚಾಗಿ ನಿಲ್ಲುತ್ತಿದ್ದ. ಆಮೇಲೆ ಮುಖ ಅರಳಿಸಿ, "ಓಹೋ, ಎರಡೂ ಕಡೆ ಕಚ್ಚು, ಬುಡ ಒಳಕ್ಕೆ ಬಾಗಿದೆ!" ಎನ್ನುತ್ತಿದ್ದ. ಕ್ಷಮೆ ಕೇಳುವ ಕೆಲಸ ಪಕ್ಕದಲ್ಲಿದ್ದ ಅತ್ತಿಗೆಯದು.

ಈ ನೆಲದ ಮೂಲನಿವಾಸಿಗಳು ಸಾವಿರಾರು ವರ್ಷ ಕಾಲ ಕೆತ್ತಿದ ಈಟಿ, ಬಾಣಗಳ ಕಲ್ಲಿನ ಮೊನೆಗಳು ಇಲ್ಲಿನ ದ್ರಾಕ್ಷಿತೋಟಗಳಲ್ಲಿ ಉಳುವಾಗ ಸಿಗುತ್ತವೆ. ಸಿಕ್ಕವರು ಭಾನುವಾರ ಅಣ್ಣನ ಗರಾಜಿಗೆ ತರುತ್ತಿದ್ದರು. ಅವರು ಹೆಮ್ಮೆಯಿಂದ ಚೂಪು ತುದಿ ತೋರಿಸಿದರೆ ಇವನು ತಲೆಕೆಳಗು ಮಾಡಿ ಬುಡ ನೋಡುತ್ತಿದ್ದ.

"ತುದಿ ಮುರಿಯತ್ತೆ, ಮತ್ತೆ ಮಸೀತಾರೆ, ಬದಲಾಗ್ತಾನೇ ಇರತ್ತೆ. ಕೋಲಿಗೆ ಹೇಗೆ ಕಟ್ಟಿದ್ರು ಅಂತ ಬುಡ ಹೇಳತ್ತೆ. ಕಾಲ ಗೊತ್ತಾಗೋದು ಅಲ್ಲೇ."

ಅವನು ಹೋಗಿ ಎರಡು ತಿಂಗಳಾಯಿತು. ವಾಲ್ನಟ್ ಕ್ರೀಕಿನ ಒಬ್ಬ ಆಂಟಿಯ ಕಪ್ಪು ಕಲ್ಲೊಂದು ಅವನ ಡ್ರಾಯರ್‌ನಲ್ಲಿ ಉತ್ತರವಿಲ್ಲದೆ ಉಳಿದಿತ್ತು. ತೀರಿಕೊಂಡ ಗಂಡನ ಕಲ್ಲಂತೆ. ಹಳೆಯದೋ ಅಲ್ಲವೋ ನೋಡಿ ಹೇಳಿ ಎಂದು ಕೊಟ್ಟಿದ್ದರು. ಅತ್ತಿಗೆಗೆ ಇನ್ನೂ ಆ ಗರಾಜಿನೊಳಗೆ ಕಾಲಿಡಲು ಆಗುತ್ತಿಲ್ಲ. ಹೀಗಾಗಿ ಉತ್ತರ ಮುಟ್ಟಿಸುವ ಹೊಣೆ ಯೂನಿಯನ್ ಸಿಟಿಯಲ್ಲಿರುವ ತಂಗಿಯಾದ ನನ್ನ ಮೇಲೆ ಬಿತ್ತು. ನನಗೋ, ಕಲ್ಲೆಂದರೆ ಗೊತ್ತಿರುವುದು ಒರಳುಕಲ್ಲೊಂದೇ!

ಡ್ರಾಯರ್ ಎಳೆದರೆ ಮೊದಲು ಸಿಕ್ಕಿದ್ದು ವಿಭೂತಿ ಡಬ್ಬಿ. ಅಣ್ಣ ಭಕ್ತನೆಂದುಕೊಂಡಿರಾ? ಗಾಜಿನಂತೆ ಹೊಳೆಯುವ ಕಪ್ಪು ಕಲ್ಲಿನ ಕೆತ್ತನೆ ಫೋಟೋದಲ್ಲಿ ಕಾಣುವುದಿಲ್ಲ. ತೆಳ್ಳಗೆ ವಿಭೂತಿ ಸವರಿದರೆ ಒಂದೊಂದು ಏಟೂ ಎದ್ದು ಕಾಣುತ್ತದೆ. ಒಮ್ಮೆ ಹಾಗೆ ಸವರಿಟ್ಟು ಕ್ಯಾಮೆರಾ ತರಲು ಹೋದ. ಮಂಡ್ಯದಿಂದ ಬಂದಿದ್ದ ಅವನ ಅತ್ತೆ ಅದನ್ನು ನೋಡಿ ದಾಸವಾಳ ಏರಿಸಿ ಅಡ್ಡಬಿದ್ದೇಬಿಟ್ಟರು!

"ಅಯ್ಯೋ ಅತ್ತೆ, ದೇವರಲ್ಲ ಅದು, ಜಿಂಕೆ ಹೊಡೆಯೋ ಈಟಿ!"

"ಈಟಿ ತಾನೇಯಾ? ಆಯುಧಪೂಜೆ ಅನ್ಕಳಿ ಬುಡಿ. ಮಂಗಳಾರತಿ ತಕ್ಕಂಡು ಆಮೇಲೆ ಫೋಟೋ ಹೊಡ್ಕಳಿ!"

ಅಣ್ಣ ಮಂಗಳಾರತಿ ತೆಗೆದುಕೊಂಡ.

ಮತ್ತೊಮ್ಮೆ ಒಬ್ಬ ಎಂಜಿನಿಯರು ಆನ್‌ಲೈನಿನಲ್ಲಿ ಕೊಂಡ ಕೆಂಪು ಮೊನೆ ತಂದ. "ಫೈವ್ ಥೌಸಂಡ್ ಇಯರ್ಸ್ ಅಂತೆ, ಸರ್!" ಅಣ್ಣ ಭೂತಗನ್ನಡಿ ಕೆಳಗಿಟ್ಟ. "ಗುಜರಾತಿನ ಅಗೇಟು ಕಲ್ಲು ಕಣಪ್ಪ, ಹೋದ್ವರ್ಷ ಮಾಡಿದ್ದು. ನಿನಗಿಂತ ಬೇಗ ವೀಸಾ ಸಿಕ್ಕಿದೆ ಇದಕ್ಕೆ!" ಪಾಪ, ಆತ ಕಾಫಿಯನ್ನೂ ಮುಟ್ಟದೆ ಹೊರಟ. ಸ್ವಲ್ಪ ಮೆತ್ತಗೆ ಹೇಳಬಾರದೇ ಎಂದು ಅತ್ತಿಗೆ ರೇಗಿದರೆ, "ಕಲ್ಲೇ ಮೆತ್ತಗಿಲ್ವಲ್ಲ, ನಾನೇನ್ ಮಾಡ್ಲಿ?" ಎಂದ.

ಅಂಥವನು ಆಂಟಿಯ ಕಲ್ಲಿಗೆ ಸುತ್ತಿಟ್ಟ ಚೀಟಿ ಓದಿ ನಾನು ಅಲ್ಲೇ ಕುಳಿತೆ. ಕಲ್ಲು ಬಂದ ದಿನದ್ದೇ ತಾರೀಕು. ಕೆಳಗೆ, "ಹೊಸದು. ಆಂಟಿಗೆ ಹೇಗೆ ಹೇಳಲಿ?" ಐದು ವಾರ ಅವನು ಹೇಳಲಿಲ್ಲ. ಆರನೆಯ ವಾರ ಅವನೇ ಇರಲಿಲ್ಲ.

ಶನಿವಾರ ರೈಲು ಹಿಡಿದು ಹೋದೆ. ಆಂಟಿ ಮೈಸೂರಿನವರು, ಎಂಬತ್ತರ ಹತ್ತಿರ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅವರ ಮುಂದೆ ಉದುರಿಹೋದವು.

"ಆಂಟಿ, ಇದು... ಹಳೇದಲ್ಲ."

"ಗೊತ್ತು ಕಣಮ್ಮ. ಮಾಡಿದ್ದೇ ನಮ್ಮನೆಯವ್ರು!"

ಆಂಟಿ ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಸರ್ಜನ್ ಆಗಿದ್ರು. ಜನರ ಹೊಟ್ಟೆಯಿಂದ ಕಲ್ಲು ತೆಗೆದಿದ್ದು ಸಾಲದು ಅಂತ ರಿಟೈರ್ ಆದ್ಮೇಲೆ ಹಿತ್ತಲಲ್ಲಿ ಕೂತು ಕಲ್ಲು ಕೆತ್ತೋಕೆ ಹಿಡಿದ್ರು. ಹತ್ತೂ ಬೆರಳಿಗೆ ಬ್ಯಾಂಡೇಡು! ಇದೊಂದೇ ಸರಿಯಾಗಿ ಬಂದಿದ್ದು. ಬಲ್ಲವ್ರು ಯಾರಾದ್ರೂ ನೋಡಿ ಒಂದು ಗಳಿಗೆ ತಡವರಿಸಿದ್ರೆ ಸಾಕು, ನಾನು ಗೆದ್ದೆ ಅಂತಿದ್ರು. ತೋರ್ಸೋಕೆ ಮುಂಚೆನೇ ಹೊರಟ್ಬಿಟ್ರು." ಆಂಟಿ ನನ್ನ ಕೈ ಹಿಡಿದುಕೊಂಡರು. "ನಿಮ್ಮಣ್ಣ ತಡವರಿಸಿದ್ರಾ?"

ಚೀಟಿ ನನ್ನ ಪರ್ಸಿನಲ್ಲಿತ್ತು. ನಾನು ಅದನ್ನು ತೆಗೆಯಲಿಲ್ಲ.

"ಐದು ವಾರ, ಆಂಟಿ," ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವರು ಮಂಡಿ ಹಿಡಿದುಕೊಂಡು ಎದ್ದು, ಹಿತ್ತಲ ಬಾಗಿಲು ಸರಿಸಿ, ಬಿಸಿಲಲ್ಲಿದ್ದ ಖಾಲಿ ಕುರ್ಚಿಗೆ ಗಟ್ಟಿಯಾಗಿ ಕೂಗಿ ಹೇಳಿದರು:

"ಕೇಳಿಸ್ತೇನ್ರೀ? ಐದು ವಾರವಂತೆ!"